ಹದಿನಾಲ್ಕು ವರ್ಷ ಕಳೆದ ಮೇಲೆ: ಜೀವಾವಧಿ ಕೈದಿಯ ಬಿಡುಗಡೆಯನ್ನು ಯಾರು, ಏನು ನೋಡಿ ತೀರ್ಮಾನಿಸುತ್ತಾರೆ?

ಆಗಸ್ಟ್ 15 ಅಥವಾ ಜನವರಿ 26 ಹತ್ತಿರ ಬಂತೆಂದರೆ ಪತ್ರಿಕೆಗಳಲ್ಲಿ ಸನ್ನಡತೆ ಆಧಾರದ ಬಿಡುಗಡೆಯ ಸುದ್ದಿ ಬರುತ್ತದೆ. ಇಷ್ಟು ಕೈದಿಗಳು ಹೊರಬಂದರು, ಗೃಹ ಸಚಿವರು ಹಾರೈಸಿದರು, ಜೈಲಿನ ಬಾಗಿಲಲ್ಲಿ ಮನೆಯವರು ಕಣ್ಣೀರಿಟ್ಟರು. ಪಟ್ಟಿಗೆ ಯಾರ ಹೆಸರು ಸೇರಿತು, ಯಾರದು ಬಿಟ್ಟುಹೋಯಿತು, ಏಕೆ ಎಂಬುದು ಆ ಸುದ್ದಿಯಲ್ಲಿ ಇರುವುದಿಲ್ಲ. ಬಹಳ ಸಲ ಅದು ಸರ್ಕಾರದ ಆದೇಶದಲ್ಲೂ ಇರುವುದಿಲ್ಲ. ಬಿಡಬಾರದವರು ಹೊರಬರುವುದು, ಬಿಡಬೇಕಾದವರು ಒಳಗೇ ಮುದುಕರಾಗುವುದು ಎರಡೂ ಹುಟ್ಟುವುದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ. ತೀರ್ಮಾನ ಮಾಡುವವರು ಕಾರಣ ಬರೆಯುತ್ತಿಲ್ಲ, ಯಾರ ಬಗ್ಗೆ ತೀರ್ಮಾನಿಸುತ್ತಿದ್ದಾರೋ ಅವನನ್ನು ನೋಡುತ್ತಿಲ್ಲ, ಅವನಿಂದ ನೊಂದವರ ಮಾತನ್ನೂ ಕೇಳುತ್ತಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸಿಕೊಳ್ಳಬೇಕು. ಜೀವಾವಧಿ ಎಂದರೆ ಹದಿನಾಲ್ಕು ವರ್ಷ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿಯೆಂದರೆ, ತೀರ್ಪು ಬಂದ ದಿನ ಅದನ್ನೇ ಹೇಳಿ ಮನೆಯವರನ್ನು ಸಮಾಧಾನ ಮಾಡುವವರಿದ್ದಾರೆ. ಗಾಂಧಿ ಹತ್ಯೆ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಗಿದ್ದ ಗೋಪಾಲ ಗೋಡ್ಸೆ, ತಾನು ಗಳಿಸಿದ ಮಾಫಿ ದಿನಗಳನ್ನೆಲ್ಲ (ಸನ್ನಡತೆ, ಕೆಲಸಕ್ಕಾಗಿ ಶಿಕ್ಷೆಯಿಂದ ಕಳೆಯುವ ದಿನಗಳು) ಕೂಡಿಸಿದರೆ ಇಪ್ಪತ್ತು ವರ್ಷ ದಾಟುತ್ತದೆ, ಬಿಟ್ಟುಬಿಡಿ ಎಂದು ಸುಪ್ರೀಂ ಕೋರ್ಟಿನ ಮೊರೆಹೋಗಿದ್ದ. 1961ರಲ್ಲಿ ಕೋರ್ಟ್ ಒಪ್ಪಲಿಲ್ಲ. ಜೀವಾವಧಿ ಎಂದರೆ ಉಸಿರಿರುವ ತನಕ. ಮಾಫಿ ದಿನ ಎಷ್ಟೇ ಆಗಲಿ, ಸರ್ಕಾರ ಆದೇಶ ಹೊರಡಿಸದೆ ಯಾರೂ ತಾನಾಗಿ ಬಿಡುಗಡೆಯಾಗುವುದಿಲ್ಲ ಎಂದಿತು. ಹದಿನಾಲ್ಕರ ಲೆಕ್ಕ ಬಂದದ್ದು 1978ರಲ್ಲಿ, ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಕಲಮು ಸೇರಿದಾಗ. ಮರಣದಂಡನೆಗೂ ಅವಕಾಶವಿರುವ ಅಪರಾಧಕ್ಕೆ ಜೀವಾವಧಿ ಶಿಕ್ಷೆಯಾದವರು ಮಾಫಿ ಲೆಕ್ಕ ಬಿಟ್ಟು ಹದಿನಾಲ್ಕು ವರ್ಷ ಪೂರ್ತಿ ಒಳಗಿರಲೇಬೇಕು ಎಂಬುದು ಅದರ ಸಾರ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದೇ ಮಾತು 475ನೇ ಕಲಮಿನಲ್ಲಿದೆ. ಹದಿನಾಲ್ಕು ವರ್ಷ ಮುಗಿದರೆ ಬಿಡುಗಡೆ ಕೇಳುವ ಅರ್ಹತೆ ಬರುತ್ತದೆ, ಅಷ್ಟೇ.

ಪೆರೋಲ್ ಬೇರೆಯೇ ವಿಷಯ. ನಮ್ಮಲ್ಲಿ ಪೆರೋಲ್ ಎಂದರೆ ಸಾವು, ಮದುವೆ, ಕಾಯಿಲೆ, ಕೃಷಿ ಕೆಲಸಕ್ಕೆಂದು ಕೆಲವು ದಿನದ ಮಟ್ಟಿಗೆ ಹೊರಬಂದು ಮತ್ತೆ ಒಳಹೋಗುವುದು. ಜಮೀನು ನೋಡಿಕೊಳ್ಳುವವರು ಮನೆಯಲ್ಲಿ ಯಾರೂ ಇಲ್ಲವೆಂದು ರಾಮನಗರ ಜಿಲ್ಲೆಯ ಕೈದಿಯೊಬ್ಬರಿಗೆ ಕರ್ನಾಟಕ ಹೈಕೋರ್ಟ್ 90 ದಿನ ಕೊಟ್ಟದ್ದು ಈ ಬಗೆಯದು. ಹರಿಯಾಣದಲ್ಲಿ ಡೇರಾ ಸಚ್ಚಾ ಸೌದಾ ಪಂಥದ ಮುಖ್ಯಸ್ಥ ಗುರ್ಮೀತ್ ರಾಮ್ ರಹೀಮ್‌ಗೆ ಪದೇಪದೇ ಸಿಗುತ್ತಿರುವುದೂ ಇದೇ. ಅಮೆರಿಕ, ಇಂಗ್ಲೆಂಡುಗಳ ಪೆರೋಲ್ ಮಂಡಳಿಗಳು ಮಾಡುವ ಕೆಲಸ, ಅಂದರೆ ಶಿಕ್ಷೆ ಉಳಿದಿರುವಾಗಲೇ ಮನುಷ್ಯನನ್ನು ಊರಿಗೆ ಕಳಿಸಬಹುದೇ ಎಂದು ತೀರ್ಮಾನಿಸುವುದು, ನಮ್ಮಲ್ಲಿ ಅವಧಿಪೂರ್ವ ಬಿಡುಗಡೆಯ ಸಲಹಾ ಮಂಡಳಿಗಳ ಪಾಲಿಗಿದೆ. ಅವು ಶಿಫಾರಸು ಮಾಡಬಹುದು. ಕೊನೆಯ ಸಹಿ ಸರ್ಕಾರದ್ದು. ಸಂವಿಧಾನದ 161ನೇ ವಿಧಿಯಡಿ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರವಿದೆ, ಆದರೆ ಸಂಪುಟದ ಸಲಹೆಯಂತೆಯೇ ನಡೆಯಬೇಕು. ಕರ್ನಾಟಕದಲ್ಲಿ ಪಟ್ಟಿ ಸಂಪುಟದ ಮುಂದೆ ಬಂದು ರಾಜಭವನಕ್ಕೆ ಹೋಗುವುದು ಇದರಿಂದಲೇ.

ಈ ಮಂಡಳಿಯಲ್ಲಿ ಯಾರಿರಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲೇ ಮಾದರಿ ಕೊಟ್ಟಿತು, 2003ರಲ್ಲಿ ತಿದ್ದಿತು: ಗೃಹ ಇಲಾಖೆಯ ಮುಖ್ಯಸ್ಥರು, ಕಾನೂನು ಕಾರ್ಯದರ್ಶಿ, ಹೈಕೋರ್ಟ್ ಹೆಸರಿಸಿದ ಒಬ್ಬ ಜಿಲ್ಲಾ ನ್ಯಾಯಾಧೀಶರು, ಮುಖ್ಯ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ), ಐಜಿ ದರ್ಜೆಗೆ ಕಡಿಮೆಯಿಲ್ಲದ ಪೊಲೀಸ್ ಅಧಿಕಾರಿ, ಬಂದೀಖಾನೆ ಇಲಾಖೆಯ ಮುಖ್ಯಸ್ಥರು. ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಘೋರ ಕೊಲೆಗಳಲ್ಲಿ ಮಾಫಿ ಸೇರಿ ಇಪ್ಪತ್ತು ವರ್ಷ ಕಳೆಯಲಿ. ಎಂಥ ಪ್ರಕರಣವಾದರೂ ಮಾಫಿ ಸೇರಿ ಇಪ್ಪತ್ತೈದು ವರ್ಷ ಮೀರುವುದು ಬೇಡ ಎಂದೂ ಆಯೋಗ ಹೇಳಿತ್ತು. ರಾಜ್ಯಗಳು ಇದನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡಿವೆ.

ಈ ಆರೇಳು ಜನರ ಮುಂದೆ ಕೈದಿ ಬಂದು ನಿಲ್ಲುವುದು ಅಪರೂಪ. ಬರುವುದು ಅವನ ಕಡತ. ಅದನ್ನು ಬಿಡಿಸಿದರೆ ಮೊದಲಿಗೆ ನಾಮಿನಲ್ ರೋಲ್ ಸಿಗುತ್ತದೆ: ಹೆಸರು, ಕೈದಿ ಸಂಖ್ಯೆ, ಯಾವ ಕೋರ್ಟು, ಯಾವ ಕಲಮು, ಎಂದಿನಿಂದ ಒಳಗಿದ್ದಾನೆ, ಎಷ್ಟು ದಿನ ಪೆರೋಲಿನಲ್ಲಿ ಹೊರಗಿದ್ದ, ಎಷ್ಟು ಮಾಫಿ ಗಳಿಸಿದ. ಆಮೇಲೆ ಜೈಲು ಅಧೀಕ್ಷಕರ ನಡತೆ ವರದಿ. ‘ಸನ್ನಡತೆ’ ಎಂದು ಒಂದೇ ಪದದಲ್ಲಿ ಮುಗಿಸಿರುವುದುಂಟು. ಅಡುಗೆ ಮನೆಯಲ್ಲಿ ಕೆಲಸ ಮಾಡಿದ, ಒಳಗಿದ್ದುಕೊಂಡೇ ಪದವಿ ಓದಿದ, ಮಗ್ಗದ ಕೆಲಸ ಕಲಿತ ಎಂದು ವಿವರ ಬರೆದಿರುವುದೂ ಉಂಟು. ನಂತರ ಪರಿವೀಕ್ಷಣಾಧಿಕಾರಿಯ ಮನೆ ಭೇಟಿಯ ವರದಿ: ತಾಯಿ ಇದ್ದಾಳೆಯೇ, ಹೆಂಡತಿ ಕಾದಿದ್ದಾಳೆಯೇ, ಮನೆ ಉಳಿದಿದೆಯೇ, ಬಂದರೆ ಅನ್ನಕ್ಕೇನು ದಾರಿ. ನನ್ನ ದೃಷ್ಟಿಯಲ್ಲಿ ಇಡೀ ಕಡತದಲ್ಲಿ ಜೀವವಿರುವ ಹಾಳೆ ಇದೊಂದೇ. ಕಡೆಗೆ ಪೊಲೀಸ್ ವರದಿ. ಠಾಣೆಯವರು ಊರಿಗೆ ಹೋಗಿ ನಾಲ್ಕು ಜನರ ಹೇಳಿಕೆ ಪಡೆದು, ‘ಬಿಡುಗಡೆಯಾದಲ್ಲಿ ಗ್ರಾಮದಲ್ಲಿ ಶಾಂತಿ ಸುವ್ಯವಸ್ಥೆಗೆ ಭಂಗ ಬರುವ ಸಾಧ್ಯತೆ ಇರುತ್ತದೆ’ ಎಂದು ಷರಾ ಬರೆದರೆ, ಉಳಿದ ಹಾಳೆಗಳಲ್ಲಿ ಏನಿದ್ದರೂ ಅದರ ತೂಕ ಇಳಿದುಹೋಗುತ್ತದೆ. ಆ ನಾಲ್ವರಲ್ಲಿ ಒಬ್ಬರು ಸತ್ತವರ ಮನೆಯವರು, ಇನ್ನೊಬ್ಬರು ಕೈದಿಯ ಪಾಲಿನ ಜಮೀನನ್ನು ಹದಿನೈದು ವರ್ಷದಿಂದ ಉಳುತ್ತಿರುವ ದಾಯಾದಿ ಆಗಿರಬಹುದು. ಮೊದಲನೆಯವರ ಭಯಕ್ಕೂ ಎರಡನೆಯವರ ಲಾಭಕ್ಕೂ ವರದಿಯಲ್ಲಿ ಒಂದೇ ಸಾಲು.

ಇದೆಲ್ಲದರ ಜೊತೆ ಶಿಕ್ಷೆ ವಿಧಿಸಿದ ನ್ಯಾಯಾಲಯದ ನ್ಯಾಯಾಧೀಶರ ಅಭಿಪ್ರಾಯ ಬೇಕು. ರಾಜೀವ್ ಗಾಂಧಿ ಹತ್ಯೆ ಪ್ರಕರಣಕ್ಕೆ ಸಂಬಂಧಿಸಿದ 2015ರ ಸಂವಿಧಾನ ಪೀಠದ ತೀರ್ಪಿನಿಂದ ಇದು ಕಡ್ಡಾಯ. ತೀರ್ಪು ಕೊಟ್ಟವರು ಅಷ್ಟು ಹೊತ್ತಿಗೆ ನಿವೃತ್ತರಾಗಿಯೋ ವರ್ಗವಾಗಿಯೋ ಹೋಗಿರುತ್ತಾರೆ. ಆ ಕುರ್ಚಿಯಲ್ಲಿ ಈಗ ಕೂತವರು ಹಳೆಯ ದಾಖಲೆ ಓದಿ ಬರೆಯುತ್ತಾರೆ. ದಾಖಲೆಯಲ್ಲಿರುವುದು ಅಪರಾಧ ಮಾತ್ರ, ಆಮೇಲಿನ ಹದಿನಾಲ್ಕು ವರ್ಷ ಅದರಲ್ಲಿ ಇರುವುದಿಲ್ಲ. ಛತ್ತೀಸಗಢದ ಒಂದು ಪ್ರಕರಣದಲ್ಲಿ ಕಾರಣವೇ ಇಲ್ಲದೆ ಬೇಡ ಎಂದು ಬರೆದಿದ್ದ ಅಭಿಪ್ರಾಯವನ್ನು 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪದೆ, ಮತ್ತೆ ಕಾರಣ ಸಹಿತ ಬರೆಸಿಕೊಳ್ಳಿ ಎಂದಿತು. ಮರುವರ್ಷ ಬಿಹಾರದ ಕೈದಿಯೊಬ್ಬರ ಪ್ರಕರಣ ಬಂತು. ಸತ್ತವರಲ್ಲಿ ಪೊಲೀಸರೂ ಇದ್ದರು, ಬಿಡುಗಡೆ ಬೇಡ ಎಂದು ವರದಿ ಕೊಟ್ಟವರೂ ಪೊಲೀಸರೇ. ಇಂಥ ವರದಿಯನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ, ನ್ಯಾಯಾಧೀಶರ ಅಭಿಪ್ರಾಯವೂ ಕೊನೆಯ ಮಾತಲ್ಲ, ಕೈದಿ ಒಳಗೆ ಹೇಗೆ ಬದಲಾಗಿದ್ದಾನೆ ಎಂದು ನೋಡಿ, ಮನಶ್ಶಾಸ್ತ್ರಜ್ಞರ ನೆರವನ್ನೂ ಪಡೆಯಿರಿ ಎಂದು ಕೋರ್ಟ್ ತಿಳಿಹೇಳಿತು.

ಏನನ್ನು ನೋಡಬೇಕು ಎಂಬುದು ಹೊಸದಾಗಿ ಹುಡುಕಬೇಕಾದ ವಿಷಯವೇನಲ್ಲ. 2000ನೇ ಇಸವಿಯಲ್ಲಿ ಲಕ್ಷ್ಮಣ್ ನಸ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಐದು ಪ್ರಶ್ನೆಗಳನ್ನು ಹೇಳಿದೆ. ಅಪರಾಧ ಒಬ್ಬ ವ್ಯಕ್ತಿಗೆ ಸಂಬಂಧಿಸಿದ್ದೋ, ಸಮಾಜವನ್ನೇ ಕಲಕಿದ್ದೋ? ಅದು ಮರುಕಳಿಸುವ ಸಂಭವ ಇದೆಯೇ? ಕೈದಿಗೆ ಇನ್ನೂ ಅಪರಾಧ ಮಾಡುವ ಸಾಮರ್ಥ್ಯ ಉಳಿದಿದೆಯೇ? ಅವನನ್ನು ಇನ್ನೂ ಒಳಗಿಡುವುದರಿಂದ ಏನಾದರೂ ಪ್ರಯೋಜನವಿದೆಯೇ? ಅವನ ಕುಟುಂಬದ ಸ್ಥಿತಿ ಏನು? ಇವುಗಳಲ್ಲಿ ಹಿಂದಕ್ಕೆ ನೋಡುವ ಪ್ರಶ್ನೆ ಮೊದಲನೆಯದೊಂದೇ. ತಿರಸ್ಕಾರದ ಆದೇಶಗಳು ಸಾಮಾನ್ಯವಾಗಿ ನಿಂತುಹೋಗುವುದು ಅಲ್ಲೇ: ‘ಅಪರಾಧದ ಘೋರತೆಯನ್ನು ಪರಿಗಣಿಸಿ’. ಘೋರತೆಯನ್ನು ಅಳೆದೇ ಕೋರ್ಟ್ ಜೀವಾವಧಿ ಕೊಟ್ಟದ್ದು. ಇಪ್ಪತ್ತು ವರ್ಷವಾದ ಮೇಲೂ ಆ ಕೊಲೆ ಅಷ್ಟೇ ಘೋರವಾಗಿರುತ್ತದೆ, ಮೂವತ್ತು ವರ್ಷಕ್ಕೂ. ಅದೊಂದೇ ಅಳತೆಯಾದರೆ ಮಂಡಳಿ ಸೇರುವ ಅಗತ್ಯವೇ ಇಲ್ಲ. ಅಳೆಯಬೇಕಾದದ್ದು ಈ ಮನುಷ್ಯ ಇವತ್ತು ಏನಾಗಿದ್ದಾನೆ ಎಂಬುದನ್ನು.

ಅದಕ್ಕೆ ಪುರಾವೆ ಇಲ್ಲವೆನ್ನುವಂತಿಲ್ಲ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ನಮ್ಮ ರಾಜ್ಯದ ಬಯಲು ಬಂದೀಖಾನೆ ಇದೆ. ಮುಚ್ಚಿದ ಜೈಲಿನಲ್ಲಿ ವರ್ಷಗಟ್ಟಲೆ ನೆಟ್ಟಗಿದ್ದವರನ್ನು ಆರಿಸಿ ಅಲ್ಲಿಗೆ ಕಳಿಸುತ್ತಾರೆ. ಹೊಲದಲ್ಲಿ ದುಡಿಯುತ್ತಾರೆ, ಎತ್ತರದ ಗೋಡೆ ಇಲ್ಲದಿದ್ದರೂ ಓಡಿಹೋಗುವುದಿಲ್ಲ. ಮೈಸೂರು ರಂಗಾಯಣದ ಹುಲುಗಪ್ಪ ಕಟ್ಟೀಮನಿ ಅವರು ಜೈಲುಗಳಲ್ಲಿ ಕೈದಿಗಳಿಂದ ನಾಟಕ ಕಟ್ಟಿಸಿ, ಅವರನ್ನು ಹೊರಗಿನ ರಂಗಮಂದಿರಗಳಿಗೂ ಕರೆತಂದರು. ನಾಟಕ ಮುಗಿಸಿ, ಬಣ್ಣ ಅಳಿಸಿಕೊಂಡು ಮತ್ತೆ ಜೈಲಿನ ವ್ಯಾನು ಹತ್ತಿದವರು ತಮ್ಮ ಬಗ್ಗೆ ಹೇಳಿದ್ದು ಠಾಣೆಯ ಒಂದು ಸಾಲಿಗಿಂತ ಹೆಚ್ಚು. ಪೆರೋಲಿಗೆ ಹೋಗಿ ಪ್ರತಿ ಸಲ ಸಮಯಕ್ಕೆ ಸರಿಯಾಗಿ ಬಂದು ಬಾಗಿಲು ತಟ್ಟಿದವನ ದಾಖಲೆಯೂ ಪುರಾವೆಯೇ. ಕಡತದಲ್ಲಿ ಅದು ಅಂಕಿಯಾಗಿ ಇರುತ್ತದೆ, ತೀರ್ಮಾನದಲ್ಲಿ ಕಾಣುವುದಿಲ್ಲ.

ಕೇರಳದ ಒಬ್ಬ ಕೈದಿಯ ಕಥೆ ಇದನ್ನು ಬಿಡಿಸಿ ತೋರಿಸುತ್ತದೆ. ಮಹಿಳೆಯೊಬ್ಬರ ಕೊಲೆ ಮತ್ತು ದರೋಡೆ ಪ್ರಕರಣದಲ್ಲಿ 1998ರಲ್ಲಿ ಒಳಹೋದವರು. ಸಲಹಾ ಮಂಡಳಿಯೇ ಬಿಡುಗಡೆಗೆ ಶಿಫಾರಸು ಮಾಡಿದರೂ ಸರ್ಕಾರ ಒಪ್ಪಲಿಲ್ಲ. ಆಮೇಲೆ ಮಹಿಳೆ ಮತ್ತು ಮಕ್ಕಳ ಕೊಲೆ ಮಾಡಿದವರಿಗೆ ಅವಧಿಪೂರ್ವ ಬಿಡುಗಡೆಯೇ ಇಲ್ಲ ಎಂಬ ನಿಯಮ ಬಂತು. ಮಾಫಿ ಸೇರಿಸದೆಯೇ ಕಾಲು ಶತಮಾನ ಕಳೆದ ಮೇಲೆ, 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶಿಸಿತು. ಶಿಕ್ಷೆಯಾದ ದಿನ ಯಾವ ನಿಯಮವಿತ್ತೋ ಅದರಂತೆ ನೋಡಬೇಕು, ನಂತರ ಬಂದದ್ದು ಕೈದಿಗೆ ಅನುಕೂಲವಾಗಿದ್ದರೆ ಅದನ್ನು ಅನ್ವಯಿಸಬಹುದು ಎಂದು ಕೋರ್ಟ್ 2010ರಿಂದ ಹೇಳುತ್ತ ಬಂದಿದೆ. ಆದರೂ ಅವರಿಗೆ ಇಷ್ಟು ವರ್ಷ ಬೇಕಾಯಿತು. ಸುಪ್ರೀಂ ಕೋರ್ಟಿನ ತನಕ ಹೋಗಲಾಗದವರು ಎಷ್ಟು ಜನ ಇರಬಹುದು? 2022ರ ಕೊನೆಗೆ ದೇಶದ ಜೈಲುಗಳಲ್ಲಿ 1,33,415 ಸಜಾ ಕೈದಿಗಳಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರದು ಜೀವಾವಧಿ.

ಇದೇ ವ್ಯವಸ್ಥೆ ಬಾಗಿಲು ತೆರೆದು ಕೊಟ್ಟದ್ದನ್ನೂ ನಾವು ಕಂಡೆವು. 2002ರ ಮಾರ್ಚ್ 3ರಂದು ಗುಜರಾತಿನ ದಾಹೋದ್ ಜಿಲ್ಲೆಯಲ್ಲಿ ಐದು ತಿಂಗಳ ಗರ್ಭಿಣಿ ಬಿಲ್ಕಿಸ್ ಬಾನೊ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಮೂರು ವರ್ಷದ ಮಗಳು ಸೇರಿದಂತೆ ಅವರ ಮನೆಯವರ ಕೊಲೆಯಾಯಿತು. ವಿಚಾರಣೆಯನ್ನು ಸುಪ್ರೀಂ ಕೋರ್ಟೇ ಮುಂಬೈಗೆ ವರ್ಗಾಯಿಸಿತು. 2008ರಲ್ಲಿ ಹನ್ನೊಂದು ಜನರಿಗೆ ಜೀವಾವಧಿ ಶಿಕ್ಷೆಯಾಯಿತು. 2022ರ ಆಗಸ್ಟ್ 15ರಂದು ಅಷ್ಟೂ ಜನ ಗೋಧ್ರಾ ಉಪಕಾರಾಗೃಹದಿಂದ ಹೊರಬಂದರು, ಸಿಹಿ ಹಂಚಿ ಹಾರ ಹಾಕಿಸಿಕೊಂಡರು. ಗುಜರಾತಿನ 2014ರ ನೀತಿಯಲ್ಲಿ ಇಂಥ ಅಪರಾಧಕ್ಕೆ ಅವಕಾಶವಿರಲಿಲ್ಲ. ಶಿಕ್ಷೆಯಾದಾಗ ಇದ್ದದ್ದು 1992ರ ನೀತಿ ಎಂಬ ದಾರಿ ಹಿಡಿದರು. ಶಿಫಾರಸು ಮಾಡಿದ ಸಮಿತಿಯಲ್ಲಿ ಆಡಳಿತ ಪಕ್ಷದ ಇಬ್ಬರು ಶಾಸಕರಿದ್ದರು. ಮುಂಬೈನ ವಿಶೇಷ ನ್ಯಾಯಾಧೀಶರೂ ಸಿಬಿಐ ಕೂಡ ಬೇಡ ಎಂದಿದ್ದರು. ಕೇಂದ್ರ ಗೃಹ ಸಚಿವಾಲಯ ಜುಲೈನಲ್ಲೇ ಒಪ್ಪಿಗೆ ಕೊಟ್ಟಿತ್ತು. ಇಷ್ಟು ದೊಡ್ಡ ತೀರ್ಮಾನಕ್ಕೆ ಮುಂಚೆ ತನ್ನ ಸುರಕ್ಷತೆಯ ಬಗ್ಗೆ ಯಾರೂ ವಿಚಾರಿಸಲಿಲ್ಲ ಎಂದು ಬಿಲ್ಕಿಸ್ ಆಮೇಲೆ ಹೇಳಿಕೆ ಕೊಟ್ಟರು.

2024ರ ಜನವರಿ 8ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಆ ಬಿಡುಗಡೆಯನ್ನು ರದ್ದು ಮಾಡಿತು. ನಮ್ಮ ರಾಜ್ಯದ ನಾಗರತ್ನ ಅವರು ಬರೆದ ಆ ತೀರ್ಪನ್ನು ಈ ವಿಷಯದಲ್ಲಿ ಆಸಕ್ತಿಯಿರುವವರು ಓದಲೇಬೇಕು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ ತೀರ್ಮಾನಿಸುವ ಅಧಿಕಾರವೇ ಗುಜರಾತಿಗಿರಲಿಲ್ಲ. ಅಧಿಕಾರ ಇದೆ ಎಂದು ಹೇಳಿದ್ದ ಸುಪ್ರೀಂ ಕೋರ್ಟಿನದೇ 2022ರ ಮೇ ತಿಂಗಳ ಆದೇಶವನ್ನು ಸತ್ಯ ಮುಚ್ಚಿಟ್ಟು ಪಡೆಯಲಾಗಿತ್ತು. ಹನ್ನೊಂದು ಜನರ ಆದೇಶಗಳೂ ಒಂದೇ ಅಚ್ಚಿನಲ್ಲಿ ಹೊರಬಂದಿದ್ದವು. ಎರಡು ವಾರದಲ್ಲಿ ಅವರೆಲ್ಲ ಮತ್ತೆ ಜೈಲು ಸೇರಬೇಕಾಯಿತು. ಕೇರಳದ ಕೈದಿಗೆ ಬಾಗಿಲು ಮುಚ್ಚಿದ್ದು, ಈ ಹನ್ನೊಂದು ಜನರಿಗೆ ತೆರೆದದ್ದು ಒಂದಕ್ಕೊಂದು ವಿರುದ್ಧವಾಗಿ ಕಾಣುತ್ತವೆ. ನನಗೆ ಎರಡರಲ್ಲೂ ಕಾಣುವುದು ಒಂದೇ ದೋಷ: ಒಬ್ಬೊಬ್ಬ ಮನುಷ್ಯನನ್ನು ಬೇರೆಬೇರೆಯಾಗಿ ನೋಡಿ, ಏಕೆ ಬಿಡುತ್ತೇವೆ ಅಥವಾ ಏಕೆ ಬಿಡುವುದಿಲ್ಲ ಎಂದು ಯಾರೂ ಬರೆಯಲಿಲ್ಲ.

ಇಂಥ ಮಂಡಳಿಗಳ ಮೇಲೆ ನ್ಯಾಯಾಲಯಗಳಿಗೇ ನಂಬಿಕೆ ಹೋದದ್ದು ಎಷ್ಟರ ಮಟ್ಟಿಗೆ ಎಂಬುದಕ್ಕೆ ಸಾಕ್ಷಿ ಬೆಂಗಳೂರಿನದೇ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಕೆರೆ ಅವರನ್ನು 1991ರಲ್ಲಿ ಜೀವಂತ ಹೂತ ಪ್ರಕರಣ ಹಳಬರಿಗೆ ನೆನಪಿರಬಹುದು. ಅಪರಾಧಿ ಸ್ವಾಮಿ ಶ್ರದ್ಧಾನಂದನಿಗೆ ಗಲ್ಲು ವಿಧಿಸುವುದು ಸುಪ್ರೀಂ ಕೋರ್ಟಿಗೆ ಒಪ್ಪಿಗೆಯಾಗಲಿಲ್ಲ. ಬರೀ ಜೀವಾವಧಿ ಕೊಟ್ಟರೆ ಹದಿನಾಲ್ಕು ವರ್ಷಕ್ಕೆ ಯಾಂತ್ರಿಕವಾಗಿ ಬಿಟ್ಟುಬಿಡುತ್ತಾರೆ ಎಂಬ ಆತಂಕವೂ ಇತ್ತು. ಕರ್ನಾಟಕ ಮತ್ತು ಬಿಹಾರದಲ್ಲಿ ಮಾಫಿ ಹೇಗೆ ಕೊಡುತ್ತಾರೆ ಎಂದು ತೀರ್ಪಿನಲ್ಲೇ ಪರಿಶೀಲಿಸಿ, 2008ರಲ್ಲಿ ಕೋರ್ಟ್ ನಡುವಿನ ದಾರಿಯೊಂದನ್ನು ತೆಗೆಯಿತು: ಗಲ್ಲು ಇಲ್ಲ, ಬದುಕಿರುವ ತನಕ ಬಿಡುಗಡೆಯೂ ಇಲ್ಲ. ಅಲ್ಲಿಂದ ಮುಂದೆ ಮಾಫಿಯಿಲ್ಲದ ಇಪ್ಪತ್ತು, ಇಪ್ಪತ್ತೈದು, ಮೂವತ್ತು ವರ್ಷದ ಶಿಕ್ಷೆಗಳು ಬಂದವು. 2015ರ ಸಂವಿಧಾನ ಪೀಠ ಮೂವರು ಒಪ್ಪಿ ಇಬ್ಬರು ಒಪ್ಪದೆ ಅದನ್ನು ಎತ್ತಿಹಿಡಿಯಿತು. ಮಂಡಳಿಗಳ ಅಸಡ್ಡೆಗೆ ಹೀಗೆ ಬೆಲೆ ತೆರುತ್ತಿರುವವರು ಮಂಡಳಿಯವರಲ್ಲ. ಶಿಕ್ಷೆಯ ದಿನವೇ ಬಾಗಿಲು ಮುಚ್ಚಿಸಿಕೊಂಡು, ಮುಂದೆ ಎಷ್ಟು ಬದಲಾದರೂ ಯಾರೂ ನೋಡದ ಕೈದಿಗಳು.

ಹೊರದೇಶಗಳ ಮಂಡಳಿಗಳು ಪರಿಶುದ್ಧ ಎಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ಕೈದಿ ಮಂಡಳಿಯವರ ಮುಂದೆ ಕೂತು ಉತ್ತರಿಸುತ್ತಾನೆ, ಅವನ ಪರ ವಕೀಲರಿರುತ್ತಾರೆ, ಮನಶ್ಶಾಸ್ತ್ರಜ್ಞರು ಬರೆದ ಅಪಾಯದ ಅಂದಾಜು ಮೇಜಿನ ಮೇಲಿರುತ್ತದೆ, ನೊಂದ ಕುಟುಂಬದವರು ಮಾತಾಡುತ್ತಾರೆ, ಆಡಿದ ಮಾತೆಲ್ಲ ದಾಖಲಾಗುತ್ತದೆ. ಅಪರಾಧ ಘೋರವಾಗಿತ್ತು ಎಂಬುದಷ್ಟೇ ಸಾಲದು, ಈಗಲೂ ಅಪಾಯಕಾರಿ ಎಂದು ತೋರಿಸಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಹಾಗಿದ್ದೂ ಕೊಲೆ ಪ್ರಕರಣಗಳಲ್ಲಿ ಗವರ್ನರ್ ತೀರ್ಮಾನವನ್ನು ತಿರುವಿಹಾಕಬಹುದು. ರಾಬರ್ಟ್ ಕೆನಡಿ ಹಂತಕ ಸಿರ್ಹಾನ್ ಸಿರ್ಹಾನ್‌ನ ಬಿಡುಗಡೆಗೆ 2021ರಲ್ಲಿ ಮಂಡಳಿ ಒಪ್ಪಿತು, ಸತ್ತವರ ಮಕ್ಕಳಲ್ಲೇ ಇಬ್ಬರು ಪರವಾಗಿದ್ದರು. 2022ರ ಜನವರಿಯಲ್ಲಿ ಗವರ್ನರ್ ನ್ಯೂಸಮ್ ನಿರಾಕರಿಸಿದರು.

ನಮಗೆ ಹೆಚ್ಚು ಪಾಠವಿರುವುದು ಇಂಗ್ಲೆಂಡಿನಲ್ಲಿ. ಲಂಡನ್ನಿನ ಟ್ಯಾಕ್ಸಿ ಚಾಲಕ ಜಾನ್ ವರ್ಬಾಯ್ಸ್ ಪ್ರಯಾಣಿಕ ಹೆಣ್ಣುಮಕ್ಕಳಿಗೆ ಮತ್ತಿನ ಔಷಧ ಕೊಟ್ಟು ಅತ್ಯಾಚಾರ ಮಾಡಿದ್ದವನು. ಅವನನ್ನು ಬಿಡಲು ಪೆರೋಲ್ ಮಂಡಳಿ ತೀರ್ಮಾನಿಸಿದ್ದು 2018ರ ಜನವರಿಯಲ್ಲಿ ಹೊರಬಿತ್ತು. ಕಾರಣ ಕೇಳಿದರೆ, ಮಂಡಳಿಯ ಕಲಾಪ ಬಹಿರಂಗಪಡಿಸಬಾರದೆಂಬ ನಿಯಮವಿದೆ ಎಂಬ ಉತ್ತರ ಬಂತು. ನೊಂದ ಇಬ್ಬರು ಮಹಿಳೆಯರು ಹೈಕೋರ್ಟಿಗೆ ಹೋಗಿ ಗೆದ್ದರು. ತೀರ್ಮಾನವೂ ರದ್ದಾಯಿತು, ಕಾರಣ ಮುಚ್ಚಿಡುವ ನಿಯಮವೂ ಬಿತ್ತು, ಮಂಡಳಿಯ ಅಧ್ಯಕ್ಷರು ಹುದ್ದೆ ಬಿಟ್ಟರು. ಅಂದಿನಿಂದ ತೀರ್ಮಾನದ ಸಾರಾಂಶವನ್ನು ಕೇಳಿದವರಿಗೆ ಕೊಡುತ್ತಾರೆ. ಅದರಿಂದ ಮಂಡಳಿಯ ಕೆಲಸ ನಿಂತುಹೋಗಲಿಲ್ಲ.

ನಮ್ಮಲ್ಲೂ ಇದು ಸಾಧ್ಯ. ಜೈಲುಗಳಿಂದ ಕೋರ್ಟಿಗೆ ವಿಡಿಯೊ ಕಾನ್ಫರೆನ್ಸ್ ನಡೆಯುತ್ತಿರುವಾಗ, ಮಂಡಳಿಯವರು ಇಪ್ಪತ್ತು ನಿಮಿಷ ಕೈದಿಯ ಮುಖ ನೋಡಿ ಮಾತಾಡುವುದಕ್ಕೆ ಅಡ್ಡಿ ಏನಿದೆ? ಸತ್ತವರ ಮನೆಯವರಿಗೆ ಮೊದಲೇ ತಿಳಿಸಿ, ಠಾಣೆಗೆ ಕರೆಸದೆ, ಅವರ ಮನೆಯಲ್ಲೇ ಕೂತು ಅವರ ಭಯ ಏನೆಂದು ಕೇಳುವುದು ದೊಡ್ಡ ಕೆಲಸವಲ್ಲ. ಭಯ ನಿಜವಾಗಿದ್ದರೆ ಆ ಊರಿಗೆ ಹೋಗಬಾರದೆಂಬ ಷರತ್ತು ಹಾಕಬಹುದು. ಶಾಸಕರಿಗೆ ಅಲ್ಲಿ ಕೆಲಸವಿಲ್ಲ, ಮನೋವೈದ್ಯರಿಗೆ ಇದೆ.

ಒಂದಷ್ಟು ದಾರಿ ಈಗಾಗಲೇ ತೆರೆದಿದೆ. 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಅಭಯ್ ಎಸ್. ಓಕಾ ಅವರ ಪೀಠ ಎಲ್ಲ ರಾಜ್ಯಗಳಿಗೂ ಸೂಚನೆ ಕೊಟ್ಟಿದೆ. ನೀತಿ ಇರುವ ಕಡೆ ಅರ್ಹನಾದ ಕೈದಿ ಅರ್ಜಿ ಹಾಕುವ ತನಕ ಕಾಯುವಂತಿಲ್ಲ, ಸರ್ಕಾರ ತಾನಾಗಿ ಅವನ ವಿಷಯ ಪರಿಗಣಿಸಬೇಕು. ನೀತಿ ಇಲ್ಲದ ರಾಜ್ಯಗಳು ಎರಡು ತಿಂಗಳಲ್ಲಿ ರೂಪಿಸಬೇಕು. ಬಿಟ್ಟರೂ ಬಿಡದಿದ್ದರೂ ಕಾರಣ ಬರೆಯಬೇಕು. ಷರತ್ತು ಪಾಲಿಸಲು ಆಗುವಂಥದ್ದಾಗಿರಬೇಕು. ಕೊಟ್ಟ ಬಿಡುಗಡೆಯನ್ನು ಹಿಂಪಡೆಯಬೇಕಾದರೆ ನೋಟಿಸ್ ಕೊಟ್ಟು ಅವನ ಮಾತು ಕೇಳಬೇಕು. ತಿರಸ್ಕರಿಸಿದರೆ ಆದೇಶವನ್ನು ಕೂಡಲೇ ಕೈದಿಗೆ ತಲುಪಿಸಿ, ಅದನ್ನು ಪ್ರಶ್ನಿಸುವ ಹಕ್ಕು ಅವನಿಗಿದೆ ಎಂದು ಜೈಲಿನವರೇ ತಿಳಿಸಬೇಕು. ಆದೇಶದ ಒಂದು ಪ್ರತಿಯು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಹೋಗಬೇಕು.

ನಿಮ್ಮ ಊರಿನ ಯಾರಾದರೂ ಹದಿನಾಲ್ಕು ವರ್ಷ ಮುಗಿಸಿ ಒಳಗಿದ್ದರೆ, ಅವರ ತಾಯಿಗೋ ಹೆಂಡತಿಗೋ ಈ ಕೊನೆಯ ವಿಷಯವನ್ನು ತಿಳಿಸಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಲ್ಲಿ ವಕೀಲರ ನೆರವು ಉಚಿತ. ಆದೇಶದ ಪ್ರತಿ ಸಿಕ್ಕ ಮೇಲೆ ಮೂರು ವಿಷಯ ಓದಿಸಿ ಕೇಳಿಕೊಳ್ಳಬೇಕು: ಶಿಕ್ಷೆಯಾದ ದಿನ ಇದ್ದ ನಿಯಮದಂತೆ ನೋಡಿದ್ದಾರೆಯೇ, ನ್ಯಾಯಾಧೀಶರ ಅಭಿಪ್ರಾಯದಲ್ಲಿ ಕಾರಣವಿದೆಯೇ, ಒಳಗೆ ಕಳೆದ ವರ್ಷಗಳ ಬಗ್ಗೆ ಒಂದು ಮಾತಾದರೂ ಬರೆದಿದ್ದಾರೆಯೇ. ಇಲ್ಲವಾದರೆ ಆ ಆದೇಶವನ್ನು ಹೈಕೋರ್ಟಿನಲ್ಲಿ ರಿಟ್ ಅರ್ಜಿಯ ಮೂಲಕ ಪ್ರಶ್ನಿಸಬಹುದು. ಅದಕ್ಕೆ ಎಲ್ಲರೂ ಬೆಂಗಳೂರಿಗೇ ಬರಬೇಕೆಂದಿಲ್ಲ, ಧಾರವಾಡ ಮತ್ತು ಕಲಬುರಗಿಯಲ್ಲೂ ಪೀಠಗಳಿವೆ.